ಎರಡು ಆಂಕಲ್, ಎರಡು ಆಪರೇಷನ್

ಆಂಕಲ್, ಅಂದರೆ ಕಾಲೂ ಪಾದವೂ ಸೇರುವ ಕೀಲು, ನೋವು ಅಂತಷ್ಟೇ ಹೇಳಿದರೆ ಡಾಕ್ಟರಿಗೆ ಅರ್ಧ ವಿಷಯವೂ ತಿಳಿಯುವುದಿಲ್ಲ. ಮುಂದುಗಡೆಯೋ, ಹಿಂದುಗಡೆಯೋ, ಹೊರಬದಿಯೋ? ಪಾದ ಮೇಲಕ್ಕೆ ಮಡಿಸಿದಾಗಲೋ, ಕೆಳಕ್ಕೆ ಚಾಚಿದಾಗಲೋ? ಬರೀ ನೋವೋ, ಇಲ್ಲ ಕಾಲೇ ಮಗುಚಿಕೊಳ್ಳುತ್ತದೋ? ಒಂದೊಂದು ಉತ್ತರಕ್ಕೆ ಒಂದೊಂದು ಕಾರಣ, ಒಂದೊಂದು ಬೇರೆ ಆಪರೇಷನ್. ಎಷ್ಟೋ ಸಲ ಆಪರೇಷನ್ನೇ ಬೇಡ.

ಇದು ನನಗೆ ಮನದಟ್ಟಾಗಿದ್ದು ನಮ್ಮ ಟೀಮಿನಲ್ಲಿ ನನಗೂ ಗೋಲ್‌ಕೀಪರ್‌ಗೂ ಒಂದೇ ಸೀಸನ್‌ನಲ್ಲಿ ಆಪರೇಷನ್ ಆದ ಮೇಲೆ. ಇಬ್ಬರಿಗೂ ಬಲಗಾಲು. ಟೀಮಿನವರ ಬಾಯಲ್ಲಿ ಇಬ್ಬರದ್ದೂ 'ಆಂಕಲ್ ಆಪರೇಷನ್'. ಆದರೆ ನನಗೆ ಅವತ್ತೇ ರಾತ್ರಿ "ಪಾದ ಆಡಿಸ್ತಾ ಇರಮ್ಮ" ಅಂದರು. ಅವಳಿಗೆ ಪಾದ ಒಳಕ್ಕೆ ತಿರುಗಲೇಬಾರದು ಅಂತ ವಾರಗಟ್ಟಲೆ ಆಸ್ಪತ್ರೆಯ ಗಟ್ಟಿ ಬೂಟು ಹಾಕಿ ಕೂರಿಸಿದರು. ಅವಳಿಗೆ ಹೇಳಿದ್ದನ್ನು ನಾನು ಮಾಡಿದ್ದರೆ ನನ್ನ ಕಾಲು ಬಿಗಿದುಕೊಳ್ಳುತ್ತಿತ್ತು. ನನಗೆ ಹೇಳಿದ್ದನ್ನು ಅವಳು ಮಾಡಿದ್ದರೆ ಹೊಲಿಗೆ ಸಡಿಲವಾಗುತ್ತಿತ್ತು.

ನಾನು ವಿಜಯನಗರದವಳು. ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಆಡುವುದು ಮಿಡ್‌ಫೀಲ್ಡ್‌ನಲ್ಲಿ, ಪ್ರಾಕ್ಟೀಸ್ ಆಸ್ಟಿನ್ ಟೌನ್ ಕಡೆ. ಬೆಂಗಳೂರಿನಲ್ಲಿ ಫುಟ್‌ಬಾಲ್ ಅಂದರೆ ಇವತ್ತಿಗೂ ದಂಡಿನ (ಕಂಟೋನ್ಮೆಂಟ್) ಕಡೆಯ ಏರಿಯಾಗಳೇ: ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ಶಿವಾಜಿನಗರ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ಟೀಮಿನಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಗ್ರೌಂಡ್ ಪಕ್ಕ ಕೂರುವ ಹಿರಿಯರು ನನ್ನ ಕಾಲಿನ ಪಟ್ಟಿ ಕಂಡಾಗಲೆಲ್ಲ ಈ ಕಥೆ ತೆಗೆಯುತ್ತಾರೆ. "ಅವ್ರಿಗೆ ಬೂಟೇ ಇರ್ಲಿಲ್ಲಮ್ಮ, ನಿಮ್ಗೆ ಇಷ್ಟೆಲ್ಲ ಇದ್ದೂ ಕಾಲು ನೋವು" ಅಂತ. ನಾನು ಸುಮ್ನೆ ನಕ್ಕುಬಿಡುತ್ತೇನೆ.

ನನ್ನ ನೋವು ಮೊದಲು ಗೊತ್ತಾಗಿದ್ದು ಆಟದಲ್ಲಲ್ಲ, ಮನೆ ಮುಂದೆ ರಂಗೋಲಿ ಹಾಕುವಾಗ. ಕುಕ್ಕರಗಾಲಲ್ಲಿ ಕೂತರೆ ಬಲ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಒತ್ತಿ ಊರಿದರೆ ಆಂಕಲಿನ ಮುಂದೆ, ಸ್ವಲ್ಪ ಒಳಬದಿಗೆ, ಒಂದು ಬೆರಳಗಲದ ಜಾಗದಲ್ಲಿ ಚುಳ್ ಅನ್ನುತ್ತಿತ್ತು. ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಅದೇ ಚುಳುಕು. ಆಟದಲ್ಲಿ ನೇರ ಓಟಕ್ಕೆ ತೊಂದರೆ ಇರಲಿಲ್ಲ. ಗಕ್ಕನೆ ನಿಂತರೆ, ಟ್ಯಾಕ್ಲಿಗೆ ಬಗ್ಗಿದರೆ, ಲೇಸ್ ಮೇಲೆ ಬಾಲ್ ತಗೊಂಡು ಜೋರಾಗಿ ಹೊಡೆದರೆ ನೋವು. ಮ್ಯಾಚ್ ಮುಗಿದ ರಾತ್ರಿ ಆ ಜಾಗ ಉಬ್ಬಿಕೊಳ್ಳುತ್ತಿತ್ತು.

ಮೊದಲು ತೋರಿಸಿದ ಕಡೆ ಎರಡು ಎಕ್ಸ್‌ರೇ ತೆಗೆದು, "ನಾರ್ಮಲ್ ಇದೆ, ಹಳೇ ಉಳುಕು, ರೆಸ್ಟ್ ಮಾಡಿ" ಅಂದರು. ರೆಸ್ಟ್ ಮಾಡಿದಾಗ ಕಡಿಮೆ ಆಗುತ್ತಿತ್ತು, ಆಡಿದಾಗ ವಾಪಸ್. ಇದರಲ್ಲಿ ಒಂದು ವಿಷಯ ಇದೆ, ಆಟಗಾರರು ತಿಳಿದಿರಬೇಕು. ಆಂಕಲಿನ ಮುಂಭಾಗದ ಒಳಬದಿಯಲ್ಲಿ ಬೆಳೆಯುವ ಸಣ್ಣ ಮೂಳೆ ಮುಳ್ಳು ಪಕ್ಕದಿಂದ ತೆಗೆದ ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಅದರ ಮುಂದೆ ಚಾಚಿಕೊಂಡಿರುವ ಮೂಳೆಯ ಅಂಚು ಅದನ್ನು ಮುಚ್ಚಿಬಿಡುತ್ತದೆ. ಕಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಕಿರಣವನ್ನು ಮೇಲಿನಿಂದ ಓರೆಯಾಗಿ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆದರೆ ಮುಳ್ಳು ಎದ್ದು ಕಾಣುತ್ತದೆ. ಎರಡನೇ ಡಾಕ್ಟ್ರು, ಆಟಗಾರರನ್ನೇ ಜಾಸ್ತಿ ನೋಡುವ ಮೂಳೆ ಸರ್ಜನ್, ಇದನ್ನೇ ಬರೆದುಕೊಟ್ಟರು.

ಆದರೆ ಎಕ್ಸ್‌ರೇಗೆ ಕಳಿಸುವ ಮುಂಚೆಯೇ ಅವರಿಗೆ ವಿಷಯ ಗೊತ್ತಾಗಿತ್ತು ಅನ್ನಿಸುತ್ತದೆ. ಹೆಬ್ಬೆರಳಿಂದ ಆಂಕಲಿನ ಮುಂದೆ ಒಂದೊಂದೇ ಜಾಗ ಒತ್ತುತ್ತಾ ಬಂದರು. ಹೊರಬದಿ ಏನಿಲ್ಲ, ನಡುವೆ ಏನಿಲ್ಲ, ಒಳಬದಿಗೆ ಬಂದಾಗ ನಾನು ಮೇಜಿನಿಂದ ಎದ್ದೇಬಿಟ್ಟೆ. "ಇದೇ ನೋವಾ, ಬೇರೆ ನೋವಾ?" ಅಂತ ಕೇಳಿದರು. ಇದೇ ಅಂದೆ. ಆಮೇಲೆ ಪಾದ ಹಿಡಿದು ಎಳೆದು, ಜಗ್ಗಿ, ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಸಡಿಲ ಇದೆಯಾ ನೋಡಿದರು. ಗಟ್ಟಿಯಾಗಿಯೇ ಇತ್ತು.

ಎಕ್ಸ್‌ರೇಯಲ್ಲಿ ಎರಡು ಮುಳ್ಳು ಕಂಡವು. ಕಾಲಿನ ದೊಡ್ಡ ಮೂಳೆ, ಅಂದರೆ ಟಿಬಿಯಾದ ಕೆಳಗಿನ ಅಂಚಿನಲ್ಲಿ ಒಂದು. ಅದರ ಕೆಳಗೆ ಕೂರುವ ಟೇಲಸ್ ಎಂಬ ಮೂಳೆಯ ಕತ್ತಿನ ಮೇಲೆ ಇನ್ನೊಂದು. ಪಾದ ಮೇಲಕ್ಕೆ ಮಡಿಸಿದಾಗ ಇವೆರಡರ ನಡುವೆ ಕೀಲಿನ ಒಳಪೊರೆ, ಹಳೇ ಗಾಯದ ದಪ್ಪ ಅಂಗಾಂಶ ಸಿಕ್ಕಿಕೊಳ್ಳುತ್ತದೆ, ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗೆ. ನೋಯುವುದು ಮುಳ್ಳಲ್ಲ, ಸಿಕ್ಕಿಕೊಂಡಿದ್ದು.

ಲಿವರ್‌ಪೂಲಿನ ಸರ್ಜನ್ ಮೆಕ್‌ಮರ್ರಿ ಅವರ 1950ರ ಲೇಖನದಲ್ಲೇ ಇದಕ್ಕೆ 'ಫುಟ್‌ಬಾಲರ್ಸ್ ಆಂಕಲ್' ಅನ್ನುವ ಹೆಸರಿತ್ತು. ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ ಪರೀಕ್ಷೆಗೆ ಹೆಸರು ಬಂದಿದ್ದೂ ಅವರದ್ದೇ. ಪಾದ ಚಾಚಿ ಒದೆಯುವಾಗ ಕೀಲಿನ ಮುಂದಿನ ಚೀಲ ಎಳೆದು ಎಳೆದು ಮೂಳೆ ಬೆಳೆಯುತ್ತದೆ ಅಂತ ಆಗಿನವರ ಲೆಕ್ಕ. ಆಮೇಲೆ ಆಮ್‌ಸ್ಟರ್‌ಡ್ಯಾಂನ ಸರ್ಜನ್ ವಾನ್ ಡೈಕ್ ಮತ್ತವರ ಜೊತೆಯವರು ನೋಡಿದಾಗ ಮುಳ್ಳು ಬೆಳೆಯುವ ಜಾಗಕ್ಕೂ ಚೀಲ ಅಂಟಿಕೊಂಡ ಜಾಗಕ್ಕೂ ತಾಳೆ ಆಗಲಿಲ್ಲ. ಮುಳ್ಳು ಇರುವುದು ಚೀಲದ ಒಳಗೆ. ಬಾಲ್ ಬಂದು ಮತ್ತೆ ಮತ್ತೆ ಬಡಿಯುವುದು ಸರಿಯಾಗಿ ಅದೇ ಜಾಗಕ್ಕೆ, ಅಲ್ಲಿ ಮೂಳೆಯ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಜೊತೆಗೆ ಉಳುಕು ಮೇಲಿಂದ ಮೇಲೆ ಆಗಿದ್ದರೆ ಇನ್ನಷ್ಟು. ಶಿನ್ ಗಾರ್ಡ್ ಹಾಕುತ್ತೇವಲ್ಲ, ಅದು ಮುಗಿಯುವ ಕಡೆಯೇ ಈ ತೊಂದರೆ ಶುರುವಾಗುತ್ತದೆ.

ಮುಳ್ಳು ಕಂಡಿತು ಅಂತ ಡಾಕ್ಟ್ರು ತಕ್ಷಣ ಕತ್ತಿ ಎತ್ತಲಿಲ್ಲ. ಕೆಲವು ತಿಂಗಳು ಫಿಸಿಯೋಥೆರಪಿ, ಶೂ ಒಳಗೆ ಹಿಮ್ಮಡಿ ಕೆಳಗೆ ಸಣ್ಣ ಪ್ಯಾಡ್, ಜೋರು ಶಾಟ್ ಬಂದ್. ಹಿಮ್ಮಡಿ ಸ್ವಲ್ಪ ಎತ್ತರವಾದರೆ ಪಾದ ಅಷ್ಟು ಮೇಲಕ್ಕೆ ಮಡಿಯಬೇಕಿಲ್ಲ, ಒಳಗೆ ಸಿಕ್ಕಿಕೊಳ್ಳುವುದೂ ಕಡಿಮೆ. ಶಾಲೆಯಲ್ಲಿ ನಿಂತು ಕೆಲಸ ಮಾಡುವುದಕ್ಕೆ ಆ ಪ್ಯಾಡ್ ನಿಜವಾಗಿ ಅನುಕೂಲವಾಯಿತು. ಆಟಕ್ಕೆ ಸಾಲಲಿಲ್ಲ. ಎಂ.ಆರ್.ಐ. ಮಾಡಿಸಿದೆವು. ಕೀಲಿನೊಳಗೆ ಮೂಳೆ ತುದಿಯ ನುಣುಪು ಪದರ, ಕಾರ್ಟಿಲೇಜ್, ಚೆನ್ನಾಗಿತ್ತು. ಇದು ದೊಡ್ಡ ವಿಷಯ ಅಂದರು. ಕೀಲು ಸವೆದಿಲ್ಲದಿದ್ದರೆ ಮುಳ್ಳು ತೆಗೆದಾಗ ಫಲ ಚೆನ್ನಾಗಿರುತ್ತದೆ, ಸವೆದ ಮೇಲೆ ಬರೀ ಮುಳ್ಳು ತೆಗೆದರೆ ಅಷ್ಟು ಪ್ರಯೋಜನ ಇಲ್ಲ.

ಇನ್ನೊಂದು ಪರೀಕ್ಷೆ ಮಾಡಿದರು, ಅದು ನನಗೆ ಬಹಳ ಹಿಡಿಸಿತು. ನೋವಿನ ಜಾಗದಲ್ಲಿ ಕೀಲಿನೊಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, "ಹೋಗಿ ಮೆಟ್ಟಿಲು ಇಳಿದು ಬಾ" ಅಂದರು. ಇಳಿದೆ. ನೋವೇ ಇಲ್ಲ. ಕ್ಲಿನಿಕ್ಕಿನ ಕಾರಿಡಾರಿನಲ್ಲೇ ಕುಕ್ಕರಗಾಲಲ್ಲಿ ಕೂತೆ. ಹಿಮ್ಮಡಿ ಪೂರ್ತಿ ಊರಲಿಲ್ಲ, ಏನೋ ಗಟ್ಟಿಯಾಗಿ ತಡೆಯುತ್ತಿತ್ತು, ಆದರೆ ಚುಳುಕು ಮಾಯ. ನೋವು ಬರುತ್ತಿರುವುದು ಅಲ್ಲಿಂದಲೇ ಅಂತ ಅವರಿಗೂ ಖಾತ್ರಿ, ನನಗೂ ಖಾತ್ರಿ. ಸಂಜೆ ಹೊತ್ತಿಗೆ ಇಂಜೆಕ್ಷನ್ ಇಳಿದು ನೋವು ತನ್ನ ಜಾಗಕ್ಕೆ ಬಂದು ಕೂತಿತ್ತು.

ಮನೆಯಲ್ಲಿ ಆಪರೇಷನ್ ಅಂದಾಗ ಅಜ್ಜಿ ಒಪ್ಪಲಿಲ್ಲ. "ಪುತ್ತೂರು ಕಟ್ಟು ಹಾಕ್ಸೇ ಪುಟ್ಟಿ, ನಿಮ್ಮ ಚಿಕ್ಕಪ್ಪಂಗೆ ಕೈ ಮುರಿದಾಗ ಅದ್ರಲ್ಲೇ ವಾಸಿ ಆಯ್ತು" ಅಂದರು. ಬೆಂಗಳೂರಿನ ಯಾವ ರಸ್ತೆಗೆ ಹೋದರೂ ಪುತ್ತೂರು ಕಟ್ಟಿನ ಒಂದು ಬೋರ್ಡ್ ಕಾಣುತ್ತದೆ, ನಂಬುವವರೂ ಜಾಸ್ತಿ. ಆದರೆ ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಕೀಲಿನ ಒಳಗೆ ಬೆಳೆದ ಮೂಳೆ ಕರಗುವುದಿಲ್ಲ ಅಲ್ವಾ? ಅಜ್ಜಿಗೆ ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದೆ. "ಇಷ್ಟೇ ಇಷ್ಟಿದೆ, ಇದಕ್ಕಾ ಇಷ್ಟು ಗಲಾಟೆ" ಅಂದು ಸುಮ್ಮನಾದರು.

ನನ್ನ ಹೆದರಿಕೆಗೆ ಬೇರೆ ಕಾರಣ ಇತ್ತು. ನೆದರ್ಲೆಂಡ್ಸ್‌ನ ಸ್ಟ್ರೈಕರ್ ಮಾರ್ಕೊ ವಾನ್ ಬಾಸ್ಟನ್ ಕಥೆ ಫುಟ್‌ಬಾಲ್ ಆಡುವವರಿಗೆಲ್ಲ ಗೊತ್ತು. ಆಂಕಲಿಗೆ ಆಪರೇಷನ್ ಮೇಲೆ ಆಪರೇಷನ್. 1993ರ ಮೇ ತಿಂಗಳಲ್ಲಿ ಮಾರ್ಸೇ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್ಲೇ ಮಿಲಾನ್‌ಗೆ ಅವರ ಕೊನೆಯ ಮ್ಯಾಚು. ಆಗಿನ್ನೂ 28 ವರ್ಷ. 1995ರಲ್ಲಿ ನಿವೃತ್ತಿ ಅಂತ ಹೇಳಿಬಿಟ್ಟರು. ಡಾಕ್ಟರ ಮುಂದೆ ಈ ಹೆಸರು ಎತ್ತಿದ್ದಕ್ಕೆ ಅವರು ನಕ್ಕು, "ಅವರ ಕೀಲಿನ ಕಾರ್ಟಿಲೇಜೇ ಹೋಗಿತ್ತಮ್ಮ, ನಿನ್ನದು ಬೇರೆ. ರೊನಾಲ್ಡೊ ಹೆಸರು ಯಾಕೆ ಹೇಳಲ್ಲ?" ಅಂದರು. 2008ರ ಜುಲೈನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಬಲ ಆಂಕಲಿಗೆ ಆಪರೇಷನ್ ಮಾಡಿದ್ದು ಅದೇ ವಾನ್ ಡೈಕ್. ಸೆಪ್ಟೆಂಬರ್‌ನಲ್ಲಿ ಆಟಕ್ಕೆ ವಾಪಸ್, ಡಿಸೆಂಬರ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ'ಓರ್. ನನಗೆ ರೊನಾಲ್ಡೊಗೆ ಸಿಗುವ ಫಿಸಿಯೋ ಸಿಗಲ್ಲ ಅನ್ನುವುದು ಬೇರೆ ಮಾತು.

ಇನ್ಶೂರೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ಮುಂಗಡ ಒಪ್ಪಿಗೆಗೆ ಕಳಿಸಿದಾಗ, "ರೋಗಿ ಪ್ರೊಫೆಷನಲ್ ಆಟಗಾರ್ತಿಯೇ?" ಅಂತ ಒಂದು ಪ್ರಶ್ನೆ ವಾಪಸ್ ಬಂತು. ಮ್ಯಾಚಿಗೆ ಹೋಗುವ ಬಸ್ ಚಾರ್ಜನ್ನೂ ನಾವೇ ಹಾಕಿಕೊಳ್ಳುತ್ತೇವೆ ಅಂತ ಬರೆಯೋಣ ಅನ್ನಿಸಿತು. ಡಾಕ್ಟ್ರು ಗಂಭೀರವಾಗಿ ಒಂದು ಪತ್ರ ಬರೆದುಕೊಟ್ಟರು, ಪಾಸಾಯಿತು. ಪಾಲಿಸಿಯಲ್ಲಿ ಡಿಸ್ಚಾರ್ಜ್ ನಂತರದ ಖರ್ಚಿಗೂ ಒಂದಷ್ಟು ದಿನ ಅವಕಾಶ ಇರುತ್ತದೆ. ಡಾಕ್ಟರ ಚೀಟಿ ಇದ್ದರೆ ಫಿಸಿಯೋ ಬಿಲ್ಲನ್ನೂ ಅದರಲ್ಲಿ ಕೇಳಬಹುದು. ಇದನ್ನು ಆಸ್ಪತ್ರೆ ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಪಾಲಿಸಿ ಓದಿ, ಬಿಲ್ಲು ಎತ್ತಿಡಿ.

ಆಪರೇಷನ್ ದಿನ ನನಗೆ ಚೆನ್ನಾಗಿ ನೆನಪಿರುವುದು ಥಿಯೇಟರಿಗೆ ಹೋಗುವ ಮುಂಚಿನ ಐದು ನಿಮಿಷ. ಸರ್ಜನ್ ಮಾರ್ಕರ್ ಪೆನ್ ಹಿಡಿದು ಬಂದು, ನನ್ನ ಪಾದವನ್ನು ಕೆಳಕ್ಕೆ, ಒಳಕ್ಕೆ ಬಗ್ಗಿಸಿ, ನಾಲ್ಕನೇ ಬೆರಳನ್ನು ಮೆಲ್ಲಗೆ ಕೆಳಗೆ ಎಳೆದರು. ಪಾದದ ಮೇಲೆ ಚರ್ಮದ ಕೆಳಗೆ ದಾರದಂತೆ ಏನೋ ಒಂದು ಎದ್ದು ನಿಂತಿತು. "ಇದು ನರ. ಪಾದದ ಮೇಲ್ಭಾಗಕ್ಕೆ ಸ್ಪರ್ಶ ಕೊಡೋದು ಇದೇ. ಹೊರಬದಿಯ ತೂತು ಇದರ ಪಕ್ಕದಲ್ಲೇ ಮಾಡ್ಬೇಕು, ಅದಕ್ಕೇ ಗುರುತು ಹಾಕ್ತಿದೀನಿ" ಅಂದರು. ನೀಲಿ ಗೆರೆ ಎಳೆದರು. ಇಷ್ಟು ವರ್ಷ ಒದ್ದಿದ್ದೇನೆ, ಆ ನರ ನನ್ನ ಕಾಲಲ್ಲಿ ಇದೆ ಅಂತಲೇ ಗೊತ್ತಿರಲಿಲ್ಲ. ಈಗಲೂ ಹುಡುಗಿಯರಿಗೆ ಬೆರಳು ಎಳೆದು ತೋರಿಸುತ್ತೇನೆ, ಎಲ್ಲರಲ್ಲೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಸೊಂಟದ ಕೆಳಗೆ ಮರಗಟ್ಟಿತು. ಎಚ್ಚರ ಇತ್ತು. ತೊಡೆಗೆ ರಕ್ತ ತಡೆಯುವ ಪಟ್ಟಿ. ಆಂಕಲಿನ ಮುಂದೆ ಎರಡು ಸಣ್ಣ ತೂತು, ಒಂದರಿಂದ ಕ್ಯಾಮೆರಾ, ಇನ್ನೊಂದರಿಂದ ಸಲಕರಣೆ. ಕೀಲನ್ನು ಸಲೈನ್ ನೀರಿನಿಂದ ಉಬ್ಬಿಸಿ ಜಾಗ ಮಾಡಿಕೊಳ್ಳುತ್ತಾರೆ. ನೋಡ್ತೀಯಾ ಅಂತ ಕೇಳಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೊದಲು ಬಿಳಿ ಎಳೆಗಳು, ಕೆಂಪು ಪೊರೆ, ನೀರಿನಲ್ಲಿ ತೇಲಾಡುತ್ತಿದ್ದವು. ಶೇವರ್ ಅನ್ನುವ ಸಲಕರಣೆ ಅದನ್ನೆಲ್ಲ ಕತ್ತರಿಸಿ ಎಳೆದುಕೊಂಡಿತು. ಆಮೇಲೆ ಮುಳ್ಳು. ಮೂಳೆ ಕೆತ್ತುವ, ತಿರುಗುವ ಬರ್ ಹಚ್ಚಿದಾಗ ಬಿಳಿ ಪುಡಿ ಎದ್ದು, ಪರದೆ ಒಂದು ಕ್ಷಣ ಮಬ್ಬಾಗಿ, ಮತ್ತೆ ತಿಳಿಯಾಗುತ್ತಿತ್ತು. ನೋವಿಲ್ಲ, ಆದರೆ ಮೂಳೆಯ ಮೇಲೆ ಗರಗರ ಅನ್ನುವುದು ಸೊಂಟದವರೆಗೆ ಎಲ್ಲೋ ಬಂದಂತಾಗುತ್ತಿತ್ತು. ಕೊನೆಗೆ ಪಾದವನ್ನು ಪೂರ್ತಿ ಮೇಲಕ್ಕೆ ಮಡಿಸಿ, ಎರಡು ಮೂಳೆ ತಾಗುತ್ತಿಲ್ಲ ಅಂತ ಕ್ಯಾಮೆರಾದಲ್ಲೇ ತೋರಿಸಿದರು. ಎರಡು ಹೊಲಿಗೆ, ದಪ್ಪ ಬ್ಯಾಂಡೇಜ್. ಒಳಗೆ ಸ್ಕ್ರೂ ಇಲ್ಲ, ಪ್ಲೇಟ್ ಇಲ್ಲ.

ಹಿಂದುಗಡೆ ನೋವಿರುವವರಿಗೆ ಇದೇ ಕೆಲಸವನ್ನು ಹಿಂದಿನಿಂದ ಮಾಡುತ್ತಾರೆ. ಟೇಲಸ್ ಹಿಂದೆ ಕೆಲವರಿಗೆ ಒಂದು ಹೆಚ್ಚುವರಿ ಸಣ್ಣ ಮೂಳೆ ಇರುತ್ತದೆ. ಪಾದ ಪೂರ್ತಿ ಕೆಳಕ್ಕೆ ಚಾಚಿದಾಗ ಅದು ಸಿಕ್ಕಿಕೊಳ್ಳುತ್ತದೆ. ಒದೆಯುವ ಫುಟ್‌ಬಾಲ್ ಆಟಗಾರರಿಗೂ, ತುದಿಗಾಲಲ್ಲಿ ಕುಣಿಯುವ ಬ್ಯಾಲೆಯವರಿಗೂ ಬರುವ ನೋವು ಇದು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ (ಅಕಿಲಿಸ್ ಟೆಂಡನ್) ಎರಡೂ ಪಕ್ಕ ಒಂದೊಂದು ತೂತು ಮಾಡಿ ತೆಗೆಯುವ ದಾರಿಯನ್ನು 2000ದಲ್ಲಿ ಪ್ರಕಟಿಸಿದ್ದೂ ವಾನ್ ಡೈಕ್ ತಂಡವೇ.

ಇನ್ನು ನಮ್ಮ ಕೀಪರ್. ಅವಳಿಗೆ ನೋವು ಅಷ್ಟಿರಲಿಲ್ಲ. ಕಾಲು ನಂಬುವ ಹಾಗಿರಲಿಲ್ಲ. ಡೈವ್‌ಗೆ ಕಾಲೂರಿ ಜಿಗಿಯುವಾಗ ಮಗುಚುತ್ತಿತ್ತು. ನಮ್ಮ ಫುಟ್‌ಪಾತಿನ ಏರುಪೇರು ಕಲ್ಲುಗಳ ಮೇಲಂತೂ ಸುಮ್ನೆ ನಡೆಯುತ್ತಿದ್ದರೂ ಉಳುಕುತ್ತಿತ್ತು. ಹೊರಬದಿಯ ಮುಂದಿನ ಲಿಗಮೆಂಟ್, ಉಳುಕಿದಾಗ ಎಲ್ಲಕ್ಕಿಂತ ಮೊದಲು ಹರಿಯುವುದು ಅದೇ, ಅವಳದ್ದು ಎಳೆದು ಎಳೆದು ಸಡಿಲವಾಗಿತ್ತು. ಸ್ವೀಡನ್ನಿನ ಬ್ರಾಸ್ಟ್ರಮ್ 1966ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಅದನ್ನು ಗಿಡ್ಡ ಮಾಡಿ ಮೂಳೆಗೆ ಹೊಲಿದರು. 1980ರಲ್ಲಿ ಗೂಲ್ಡ್ ಅನ್ನುವವರು ಪಕ್ಕದ ಗಟ್ಟಿ ಪೊರೆಯನ್ನೂ ಎಳೆದು ಮೇಲೆ ಹೊಲಿಯುವುದನ್ನು ಸೇರಿಸಿದರು, ಅದನ್ನೂ ಮಾಡಿದರು. ಹೊಲಿದಿದ್ದು ಅಂಟಬೇಕು, ಅದಕ್ಕೆ ಸಮಯ ಬೇಕು. ಹಾಗಾಗಿ ಬೂಟು, ಊರುಗೋಲು, ಪಾದ ಒಳಕ್ಕೆ ತಿರುಗಿಸುವುದು ಬಂದ್.

ನನ್ನ ಕಥೆ ಉಲ್ಟಾ. ನನ್ನಲ್ಲಿ ಅಂಟಬೇಕಾದ್ದು ಏನೂ ಇರಲಿಲ್ಲ. ತೆಗೆದ ಜಾಗದಲ್ಲಿ ಮತ್ತೆ ಗಾಯದ ಅಂಗಾಂಶ ಬಿಗಿಯಬಾರದು, ಅಷ್ಟೇ. ಬೆನ್ನಿನ ಇಂಜೆಕ್ಷನ್ ಇಳಿದು ಬೆರಳು ಅಲ್ಲಾಡಿದ ಕೂಡಲೇ ಕೆಲಸ ಶುರು. ಪಾದ ಮೇಲಕ್ಕೆ ಎಳೆದು ಕೆಲವು ಸೆಕೆಂಡ್ ಹಿಡಿ, ಬಿಡು, ಕೆಳಕ್ಕೆ ಒತ್ತು. ಎಚ್ಚರ ಇರುವಷ್ಟು ಹೊತ್ತು ಗಂಟೆಗೆ ಕೆಲವು ಸಲ. ಉಳಿದ ಹೊತ್ತು ದಿಂಬಿನ ಮೇಲೆ ಕಾಲು, ಐಸು. ಊರುಗೋಲಿನ ಸಹಾಯದಲ್ಲಿ, ನೋವು ತಡೆಯುವಷ್ಟು ಭಾರ ಹಾಕಿ ನಡೆಯಬಹುದು ಅಂದರು.

ಹೇಳುವಷ್ಟು ಸುಲಭ ಅಲ್ಲ. ನಮ್ಮ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ಮೇಲೆ ಕೂತುಕೊಂಡೇ ಇಳಿಯುತ್ತಿದ್ದೆ. ಮನೆಯಲ್ಲಿರುವುದು ಇಂಡಿಯನ್ ಟಾಯ್ಲೆಟ್. ಆಸ್ಪತ್ರೆಯಿಂದ ಬಂದ ಮೇಲೆ ಈ ವಿಷಯ ಎಲ್ಲರ ತಲೆಗೂ ಒಟ್ಟಿಗೇ ಹೊಳೆಯಿತು. ಕುಕ್ಕರಗಾಲಲ್ಲಿ ಕೂರುವುದು ಆಂಕಲ್ ಮಾಡುವ ಕೆಲಸದಲ್ಲೆಲ್ಲ ಕಷ್ಟದ್ದು. ಅಪ್ಪ ಮೆಡಿಕಲ್ ಅಂಗಡಿಗೆ ಓಡಿ ಕಮೋಡ್ ಚೇರ್ ಬಾಡಿಗೆಗೆ ತಂದರು. ಆಪರೇಷನ್‌ಗೆ ಹೋಗುವ ಮುಂಚೆ ಸರ್ಜನ್‌ಗೆ ಹತ್ತು ಪ್ರಶ್ನೆ ಕೇಳುತ್ತೇವಲ್ಲ, ಅದರಲ್ಲಿ ಒಂದು ಇದಾಗಿರಲಿ.

ಹೊಲಿಗೆ ಸುಮಾರು ಎರಡು ವಾರಕ್ಕೆ ಬಿಚ್ಚಿದರು. ಹೊರಬದಿಯ ಗುರುತಿನಿಂದ ಬೆರಳಿನ ಕಡೆಗೆ ಒಂದು ಪಟ್ಟಿಯಷ್ಟು ಜಾಗ ಮರಗಟ್ಟಿತ್ತು. ಸ್ನಾನ ಮಾಡುವಾಗ ನೀರು ಬಿಸಿಯೋ ತಣ್ಣಗೋ ಅಲ್ಲಿ ತಿಳಿಯುತ್ತಿರಲಿಲ್ಲ. ಅದೇ ನೀಲಿ ಗೆರೆಯ ನರ. ಕತ್ತರಿಸಿಲ್ಲ, ಎಳೆತಕ್ಕೆ ಸುಸ್ತಾಗಿದೆ, ವಾಪಸ್ ಬರುತ್ತೆ ಅಂದರು. ತಿಂಗಳುಗಳಲ್ಲಿ ಆ ಪಟ್ಟಿ ಸಣ್ಣದಾಗುತ್ತಾ ಬಂತು. ಈಗಲೂ ಒಂದು ಕಾಸಿನಗಲ ಜಾಗ ಉಳಿದಿದೆ, ತೊಂದರೆ ಏನಿಲ್ಲ.

ಫಿಸಿಯೋ ಮೇಡಂ ಹತ್ತಿರ ಮೊದಲ ದಿನ ಹೋದಾಗ ಅವರು ನೆಲದ ಮೇಲೆ ಗೋಡೆಗೆ ತಾಗಿಸಿ ಅಳತೆ ಟೇಪ್ ಅಂಟಿಸಿದ್ದರು. ಹೆಬ್ಬೆರಳು ಟೇಪಿನ ಮೇಲೆ, ಹಿಮ್ಮಡಿ ನೆಲ ಬಿಡದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕು. ಮುಟ್ಟುತ್ತಾ ಮುಟ್ಟುತ್ತಾ ಪಾದ ಹಿಂದೆ ಸರಿಸಬೇಕು. ಎಷ್ಟು ದೂರದಿಂದ ಮುಟ್ಟುತ್ತದೋ ಅದು ಅಳತೆ. ಎಡಗಾಲು 11 ಸೆಂ.ಮೀ. ಬಲಗಾಲು 3. ಮುಂದಿನ ವಾರಗಳೆಲ್ಲ ಈ ಒಂದು ಅಂಕಿ ಸುತ್ತ ತಿರುಗಿದವು. ಒಂದು ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಮೂರೂವರೆ ಡಿಗ್ರಿ ಅಂತೆ. 5 ಆದ ದಿನ ಮನೆಗೆ ಫೋನ್ ಮಾಡಿ ಹೇಳಿದ್ದೆ. 7ರಲ್ಲಿ ಬಹಳ ಕಾಲ ನಿಂತುಹೋಯಿತು. ಮೇಡಂ ಟೇಲಸ್ ಮೂಳೆಯನ್ನು ಕೈಯಿಂದ ಹಿಂದಕ್ಕೆ ಒತ್ತಿ ಹಿಡಿದು, ಅದೇ ಹೊತ್ತಿಗೆ ನನ್ನನ್ನು ಮುಂದೆ ಬಗ್ಗಿಸುತ್ತಿದ್ದರು. ಹಿತವಾದ ಕೆಲಸ ಅಲ್ಲ, ಆದರೆ ಅವತ್ತೇ ಅರ್ಧ ಸೆಂಟಿಮೀಟರ್ ಸಿಗುತ್ತಿತ್ತು.

ನನಗೆ ಅಚ್ಚರಿ ಆಗಿದ್ದು ಮೀನಖಂಡದ ಸ್ಥಿತಿ ನೋಡಿ. ಇಷ್ಟು ದಿನ ನೋವಿಗೆ ಹೆದರಿ ಕುಂಟಿದ್ದರಿಂದ ಬಲಗಾಲು ಕಣ್ಣಿಗೆ ಕಾಣುವಷ್ಟು ಸಣ್ಣಗಾಗಿತ್ತು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು 25 ಸಲ ಆಗಬೇಕು, ಮಂಡಿ ಬಗ್ಗಬಾರದು, ಗೋಡೆಗೆ ಒರಗಬಾರದು, ಪ್ರತಿ ಸಲ ಅದೇ ಎತ್ತರ. ಎಂಟು ಹತ್ತಕ್ಕೆಲ್ಲ ಕಾಲು ನಡುಗುತ್ತಿತ್ತು. ಪಿ.ಟಿ. ಟೀಚರ್ ಅಂತ ಹೇಳಿಕೊಳ್ಳಲು ನಾಚಿಕೆ. ಆಮೇಲೆ ಸಮತೋಲನ: ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದು, ಕಣ್ಣು ಮುಚ್ಚಿ ನಿಲ್ಲುವುದು, ನಿಂತ ಕಾಲು ಕದಲದೆ ಇನ್ನೊಂದು ಕಾಲನ್ನು ಮೂರು ದಿಕ್ಕಿಗೆ ಚಾಚಿ ಅಳೆಯುವುದು.

ಮರುದಿನ ಬೆಳಗ್ಗೆ ಹಾಸಿಗೆಯಿಂದ ಎದ್ದಾಗ ಆಂಕಲ್ ಹೇಗಿದೆ ಅನ್ನುವುದೇ ಫಿಸಿಯೋ ಮೇಡಂ ಅಳತೆಗೋಲು. ಊದಿದ್ದರೆ, ಬಿಗಿದಿದ್ದರೆ ಹಿಂದಿನ ದಿನದ ಡೋಸ್ ಜಾಸ್ತಿ ಆಯಿತು ಅಂತ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದರೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಓಟ ಶುರುವಾಗಿದ್ದು ಕಬ್ಬನ್ ಪಾರ್ಕಿನ ಮಣ್ಣು ದಾರಿಯಲ್ಲಿ. ಒಂದು ನಿಮಿಷ ಓಡು, ಎರಡು ನಿಮಿಷ ನಡೆ. ಈ ಆಪರೇಷನ್ ಆದವರು ಸಾಮಾನ್ಯವಾಗಿ ಆರು ವಾರದ ಆಸುಪಾಸಿನಲ್ಲಿ ಓಡಲು ಶುರುಮಾಡಿ, ಎರಡು ಮೂರು ತಿಂಗಳಿಗೆ ಆಟಕ್ಕೆ ಮರಳುತ್ತಾರೆ. ಕೀಪರ್ ಮಾಡಿಸಿಕೊಂಡ ಆಪರೇಷನ್‌ಗೆ ಮೂರು ನಾಲ್ಕು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಇದನ್ನು ಅರ್ಥ ಮಾಡಿಸುವುದೇ ಒಂದು ಕೆಲಸವಾಗಿತ್ತು. ನಾನು ಓಡುವ ವಿಡಿಯೋ ಹಾಕಿದ ದಿನ ಒಬ್ಬಳು ಕೀಪರ್‌ಗೆ, "ಅವಳು ಓಡ್ತಿದಾಳೆ, ನೀನಿನ್ನೂ ಬೂಟು ಹಾಕ್ಕೊಂಡು ಕೂತಿದೀಯಲ್ಲೇ" ಅಂತ ಬರೆದಳು. ಕೀಪರ್ ಅವತ್ತು ರಾತ್ರಿ ನನಗೆ ಫೋನ್ ಮಾಡಿ ಅತ್ತಳು. ನಾನು ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ, ನನ್ನದು ಕೆತ್ತಿ ತೆಗೆದಿದ್ದು, ಅವಳದ್ದು ಹೊಲಿದಿದ್ದು, ಇಬ್ಬರ ಕ್ಯಾಲೆಂಡರ್ ಬೇರೆ ಅಂತ. ಎಷ್ಟು ಜನ ಓದಿದರೋ. ಆಡಳಿತದ ಕಡೆಯವರೊಬ್ಬರು ಸೆಮಿಫೈನಲ್ ಹತ್ತಿರ ಬಂದಾಗ, "ಬರೀ ಇಪ್ಪತ್ತು ನಿಮಿಷ ನಿಂತ್ಕೊಳ್ಳಮ್ಮ ಸಾಕು" ಅಂತ ಅವಳನ್ನೂ ಕೇಳಿದರು, ನನ್ನನ್ನೂ ಕೇಳಿದರು. ಫಿಸಿಯೋ ಮೇಡಂ ನಂಬರ್ ಕೊಟ್ಟು, ಅವರನ್ನೇ ಕೇಳಿ ಸರ್ ಅಂದೆ. ಕೇಳಲಿಲ್ಲ.

ಬಾಲ್ ಮುಟ್ಟಲು ಬಿಟ್ಟಿದ್ದು ನೇರ ಓಟ, ಎಂಟರ ಆಕಾರದ ಓಟ, ಗಕ್ಕನೆ ತಿರುಗುವುದು ಎಲ್ಲ ಆದ ಮೇಲೆ. ಮೊದಲು ಒಳಪಾದದ ಸಣ್ಣ ಪಾಸ್. ಆಮೇಲೆ ಉದ್ದ ಪಾಸ್. ಲೇಸ್ ಮೇಲಿನ ಶಾಟ್ ಎಲ್ಲಕ್ಕಿಂತ ಕೊನೆಗೆ, ಅದೂ ಗಾಳಿ ಸ್ವಲ್ಪ ಇಳಿಸಿದ ಬಾಲ್‌ನಲ್ಲಿ. ಬಾಲ್ ಬಡಿಯುವುದು ಹೊಲಿಗೆಯ ಗುರುತಿನ ಮೇಲೇ ಅಲ್ವಾ? ಒಂಟಿ ಕಾಲಿನ ಜಿಗಿತದಲ್ಲಿ ಬಲಗಾಲು ಎಡಗಾಲಿನ ಶೇಕಡಾ 90 ದಾಟಿದ ಮೇಲೆ ಟ್ರೇನಿಂಗ್ ಪೂರ್ತಿ ಮಾಡು ಅಂದರು. ಮೊದಲ ಮ್ಯಾಚಿನಲ್ಲಿ ಕೊನೆಯ ಹೊತ್ತಿನಲ್ಲಿ ಇಳಿದೆ, ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಒಂದು ಟ್ಯಾಕ್ಲಿಗೆ ಪೂರ್ತಿ ಬಗ್ಗಿ ಎದ್ದೆ. ಚುಳ್ ಅನ್ನಲಿಲ್ಲ.

ಈಗ ಶಾಲೆಯಲ್ಲಿ ಆಟಕ್ಕೆ ಮುಂಚೆ ಹುಡುಗಿಯರಿಗೆ '11+' ವಾರ್ಮಪ್ ಮಾಡಿಸುತ್ತೇನೆ. ಫಿಫಾದವರು ಸಿದ್ಧ ಮಾಡಿದ್ದು, ಇಪ್ಪತ್ತು ನಿಮಿಷ, ಬಾಲ್, ಕೋನ್ ಬಿಟ್ಟರೆ ಬೇರೆ ಸಾಮಾನು ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಟೀಮುಗಳಲ್ಲಿ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಹೊರತಂದರು, ಗಂಭೀರ ಗಾಯಗಳು ಗಣನೀಯವಾಗಿ ಕಡಿಮೆಯಾಗಿದ್ದವು. ನಮ್ಮ ಹುಡುಗಿಯರಿಗೆ ಅದರಲ್ಲಿ ಒಂಟಿ ಕಾಲಲ್ಲಿ ನಿಂತು ಒಬ್ಬರನ್ನೊಬ್ಬರು ತಳ್ಳುವ ಭಾಗ ಬಹಳ ಇಷ್ಟ. ಯಾರಾದರೂ ಉಳುಕಿಸಿಕೊಂಡರೆ ಆಂಕಲಿನ ಎರಡೂ ಪಕ್ಕ ಉಬ್ಬಿರುವ ಗಂಟಿನ ಮೂಳೆಯ ಹಿಂಬದಿ ಒತ್ತಿ ನೋಡುತ್ತೇನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇನೆ. ಮೂಳೆಯ ಮೇಲೆ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್‌ರೇಗೆ ಕಳಿಸು ಅಂತ ಮನೆಯವರಿಗೆ ಫೋನ್.

ಕೀಪರ್ ಈ ಸೀಸನ್‌ಗೆ ವಾಪಸ್ ಬಂದಿದ್ದಾಳೆ. ಪಟ್ಟಿ ಕಟ್ಟಿಕೊಂಡೇ ಆಡುತ್ತಾಳೆ. ಗೋಲ್ ಕಿಕ್ ಮಾತ್ರ ಸದ್ಯಕ್ಕೆ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ಹೊಡೆಯುತ್ತಾಳೆ.

ನನ್ನ ಬಲಗಾಲು 10 ಸೆಂ.ಮೀ.ಗೆ ಬಂದು ನಿಂತಿದೆ. ಮುಳ್ಳು ಮತ್ತೆ ಬೆಳೆಯುತ್ತಾ ಅಂತ ಕೇಳಿದ್ದಕ್ಕೆ, ಆಟ ಮುಂದುವರಿಸಿದರೆ ಎಕ್ಸ್‌ರೇಯಲ್ಲಿ ಮತ್ತೆ ಕಾಣಿಸಬಹುದು, ಕಾಣಿಸಿದವರಿಗೆಲ್ಲ ನೋವು ಬರುವುದಿಲ್ಲ ಅಂದರು. ಹೋಲಿಸಲೆಂದು ಎಡಗಾಲಿನದ್ದೂ ಒಂದು ತೆಗೆದಿದ್ದರು. ಅದರಲ್ಲೂ ಟಿಬಿಯಾದ ಅಂಚಿನಲ್ಲಿ ಸಣ್ಣ ಮುಳ್ಳಿದೆ. ಆ ಕಾಲು ಒಂದು ದಿನವೂ ನೋಯ್ದಿಲ್ಲ. ಅದನ್ನು ಮುಟ್ಟುವುದೇ ಬೇಡ, ತಿಂಗಳಿಗೊಮ್ಮೆ ಗೋಡೆ ಹತ್ತಿರ ಅಳೆದುಕೊಂಡರೆ ಸಾಕು ಅಂತ ಹೇಳಿದ್ದಾರೆ. ಹೋದ ತಿಂಗಳೂ 11 ಇತ್ತು.